ಇಲಿಗೆ ವಿಷ ಇಡುವ ಮೊದಲು: ಮುಂಬೈ ಸೊಸೈಟಿಗಳ ಕನ್ನಡಿಗ ಪದಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮುಂಬೈ ಮತ್ತು ಠಾಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಆಗಿರುವ ಎಲ್ಲ ಕನ್ನಡಿಗರಿಗೆ,

ಮಾನ್ಯರೇ, ನಮಸ್ಕಾರ.

ಮಳೆಗಾಲ ಹತ್ತಿರ ಬಂತು ಅಂದರೆ ನಮ್ಮ ಸೊಸೈಟಿಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ಹೆಗ್ಗಣ ತೋಡಿದ ಬಿಲಗಳ ಫೋಟೊ ಯಾರೋ ಒಬ್ಬರು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಕಮಿಟಿ ಕೊಟೇಶನ್ ತರಿಸುತ್ತದೆ. ಕಡಿಮೆ ರೇಟು ಹೇಳಿದವರಿಗೆ ಕೆಲಸ ಸಿಗುತ್ತದೆ. ಅವರು ಬಂದು ವಿಷ ಇಟ್ಟು, ದುಡ್ಡು ತಗೊಂಡು ಹೋಗುತ್ತಾರೆ. ವಿಷ ಇಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವಿಷಕ್ಕೆ ಮೊದಲು ಮಾಡಬೇಕಾದ ಕೆಲಸವನ್ನು ಬಿಟ್ಟೇಬಿಡುತ್ತಿದ್ದೇವೆ, ನನ್ನ ತಕರಾರು ಅದರ ಬಗ್ಗೆ. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಸಾಯುವುದಿಲ್ಲ. ಇಲಿಯ ಮೈ ತಣ್ಣಗಾಗುತ್ತಿದ್ದಂತೆ ಚಿಗಟ ಇಳಿದು ಹೊರಡುತ್ತದೆ. ಇನ್ನೊಂದು ಇಲಿ ಸಿಕ್ಕರೆ ಸರಿ, ಸಿಗದಿದ್ದರೆ ನಾಯಿ, ಬೆಕ್ಕು, ಇಲ್ಲವೇ ನಮ್ಮ ಕಾಲು.

ನಾನು ಹುಬ್ಬಳ್ಳಿ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದು, ಲ್ಯಾಬ್ ಟೆಕ್ನಿಶಿಯನ್ ಆಗಿ ಕೆಲಸ ಮಾಡಿ ನಿವೃತ್ತಳಾದೆ. ಮುಲುಂಡ್ ಪಶ್ಚಿಮದಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟ ಕಿಟಕಿಯಿಂದ ಕಾಣುವಷ್ಟು ಹತ್ತಿರದ ಸೊಸೈಟಿಯಲ್ಲಿ ಇದ್ದೇನೆ. ಇದೇ ವಿಷಯವನ್ನು ಮರಾಠಿಯಲ್ಲಿ ಬರೆದು ನಮ್ಮ ಕಮಿಟಿಗೆ ಕೊಟ್ಟಿದ್ದೇನೆ. ಅದು ಫೈಲಿಗೆ ಹೋಗಿದೆ, ಮೀಟಿಂಗಿಗೆ ಬಂದಿಲ್ಲ. ಈ ನಗರದ ಎಷ್ಟೋ ಸೊಸೈಟಿಗಳ ಕಮಿಟಿಗಳಲ್ಲಿ ನಮ್ಮವರು ಇದ್ದೀರಿ. ಪೆಸ್ಟ್ ಕಂಟ್ರೋಲ್ ಕಾಗದಕ್ಕೆ ಸಹಿ ಹಾಕುವವರು ನೀವು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ. ಬಿಲಗಳಿಗೆಲ್ಲ ಒಂದೇ ದಿನ ವಿಷ ಹಾಕಿದರು. ಎರಡು ಮೂರು ದಿನದಲ್ಲಿ ಹೆಗ್ಗಣಗಳು ಸತ್ತವು. ಕೆಲವು ಹೊರಗೆ ಬಂದು ಬಿದ್ದವು, ಜಾಸ್ತಿ ಒಳಗೇ ಸತ್ತು ವಾಸನೆ ಎದ್ದಿತು. ಗುಡಿಸುವ ಕೆಲಸಕ್ಕೆ ಬರುವವಳು ಯಾದಗಿರಿ ಕಡೆಯ ಹೆಣ್ಣುಮಗಳು. ಅವಳಿಗೆ ಕೈಗವಸು ಯಾರೂ ಕೊಟ್ಟಿರಲಿಲ್ಲ. ಹಳೆಯ ಪೇಪರಿನಲ್ಲಿ ಹೆಗ್ಗಣದ ಬಾಲ ಹಿಡಿದು ಎತ್ತಿ ಹಾಕಿದಳು. ವಾಸನೆ ಹೋಯಿತು, ಕೆಲಸ ಆಯಿತು ಅಂತ ಎಲ್ಲರೂ ಅಂದುಕೊಂಡೆವು. ಆಮೇಲೆ ಒಂದು ಬೆಳಿಗ್ಗೆ ಅವಳೇ ನನ್ನ ಬಾಗಿಲಿಗೆ ಬಂದು, "ಅಕ್ಕಾರ, ಕಾಲಿಗೆ ಏನೋ ಹಾರಾಕತ್ಯಾವ ನೋಡ್ರಿ" ಅಂದಳು. ಕಣಕಾಲಿನ ಸುತ್ತ ಸಾಲಾಗಿ ಕೆಂಪು ಗುಳ್ಳೆ. ಮಂಡಿಯಿಂದ ಮೇಲೆ ಒಂದೂ ಇಲ್ಲ. ಸೊಳ್ಳೆ ಹಾಗೆ ಕಚ್ಚುವುದಿಲ್ಲ.

ಬಿಳಿ ಕಾಲುಚೀಲವನ್ನು ಮಂಡಿವರೆಗೆ ಎಳೆದುಕೊಂಡು ವಾಚ್‌ಮನ್ ಕ್ಯಾಬಿನ್ನಿನೊಳಗೆ ಸ್ವಲ್ಪ ಹೊತ್ತು ಓಡಾಡಿದೆ. ಚಿಗಟ ಇದೆಯೋ ಇಲ್ಲವೋ ನೋಡಲು ಇದು ಹಳೆಯ, ಸುಲಭದ ಉಪಾಯ. ಹೊರಗೆ ಬಂದು ಬಿಸಿಲಿಗೆ ಹಿಡಿದರೆ ಕಾಲುಚೀಲದ ಮೇಲೆ ಕಂದು ಬಣ್ಣದ ಚುಕ್ಕಿಗಳು ಹರಿದಾಡುತ್ತಿದ್ದವು. ಎಳ್ಳಿಗಿಂತ ಸಣ್ಣವು, ಎರಡೂ ಕಡೆಯಿಂದ ಒತ್ತಿದಂತೆ ಚಪ್ಪಟೆ. ಕೂದಲಿನ ನಡುವೆ ನುಸುಳಲು ಮೈ ಹಾಗೆ ಇರುತ್ತದೆ. ಬೆರಳಿನಲ್ಲಿ ಒತ್ತಿದರೆ ಅದಕ್ಕೆ ಏನೂ ಆಗುವುದಿಲ್ಲ, ಜಾರಿ ಹಾರುತ್ತದೆ. ಎರಡು ಉಗುರಿನ ನಡುವೆ ಚಿಟ್ ಅನ್ನಿಸಿದರೇ ಸಾಯುವುದು.

ಆ ಕ್ಯಾಬಿನ್ನಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್ ನೆಲದ ಮೇಲೆ ಗೋಣಿತಾಟು ಹಾಸಿಕೊಂಡು ಮಲಗುತ್ತಿದ್ದರು. ಅವರಿಗೆ ಜ್ವರ ಬಂತು. ತಲೆ ಸಿಡಿಯುವಂಥ ನೋವು, ಆಮೇಲೆ ಎದೆ, ಬೆನ್ನಿನ ಮೇಲೆ ಮಸುಕಾಗಿ ಕೆಂಪು ದದ್ದು. ಡೆಂಗಿ ಇರಬಹುದು ಎಂದು ಪ್ಲೇಟ್‌ಲೆಟ್ ಎಣಿಸಿದರು, ಮಲೇರಿಯಾ ನೋಡಿದರು, ವೈರಲ್ ಅಂದರು. ಜ್ವರ ಇಳಿಯಲಿಲ್ಲ. ಕೊನೆಗೆ ಇನ್ನೊಬ್ಬ ಡಾಕ್ಟರು "ಮಲಗುವ ಜಾಗದಲ್ಲಿ ಇಲಿ ಇದೆಯಾ, ಏನಾದರೂ ಕಚ್ಚಿದೆಯಾ" ಎಂದು ಕೇಳಿ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಎರಡು ಮೂರು ದಿನದಲ್ಲಿ ಜ್ವರ ಬಿಟ್ಟಿತು. ಅದಕ್ಕೆ ಬೇಕಾದ ರಕ್ತಪರೀಕ್ಷೆ ಆಗಲೇ ಇಲ್ಲ. ಹಾಗಾಗಿ ಚಿಗಟದಿಂದಲೇ ಬಂದ ಜ್ವರ ಅಂತ ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಮೊದಲ ದಿನವೇ ಯಾರಾದರೂ ಕೇಳಿದ್ದರೆ ಆ ಮನುಷ್ಯ ಅಷ್ಟು ದಿನದ ಸಂಬಳ ಕಳೆದುಕೊಂಡು ನರಳಬೇಕಿರಲಿಲ್ಲ, ಅಲ್ವಾ?

ಇಲಿಯ ಚಿಗಟದಿಂದ ಬರುವ ಒಂದು ಜ್ವರಕ್ಕೆ ಮ್ಯೂರಿನ್ ಟೈಫಸ್ ಅನ್ನುತ್ತಾರೆ. ರಿಕೆಟ್ಸಿಯಾ ಟೈಫಿ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಬರೀ ಕಚ್ಚುವುದರಿಂದ ಬರುವುದಲ್ಲ ಅದು. ಚಿಗಟ ರಕ್ತ ಹೀರುತ್ತಾ ಅಲ್ಲೇ ಹಿಕ್ಕೆ ಹಾಕುತ್ತದೆ. ನಾವು ತುರಿಸಿಕೊಂಡಾಗ ಆ ಹಿಕ್ಕೆ ಗಾಯದೊಳಗೆ ಹೋಗುತ್ತದೆ. ನಮ್ಮ ಊರಿನಲ್ಲಿ ಮಳೆಗಾಲದ ಜ್ವರ ಅಂದರೆ ಮಲೇರಿಯಾ, ಡೆಂಗಿ, ಇಲಿಜ್ವರ ಇವಷ್ಟೇ ತಲೆಗೆ ಬರುತ್ತವೆ. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಇಲಿಯ ಮೂತ್ರ ಸೇರಿದ ನೀರಿನಿಂದ ಬರುವುದು. ಅದಕ್ಕೂ ಚಿಗಟಕ್ಕೂ ಸಂಬಂಧವಿಲ್ಲ. ಟೈಫಸ್‌ನಲ್ಲಿ ಮೊದಮೊದಲು ಕಾಣುವುದೂ ಇಂಥವೇ ಲಕ್ಷಣಗಳು, ಹಾಗಾಗಿ ಅದು ಈ ಗುಂಪಿನಲ್ಲಿ ಕಳೆದುಹೋಗುತ್ತದೆ. ಔಷಧಿ ಇದೆ, ದುಬಾರಿಯೂ ಅಲ್ಲ. ಆದರೆ ಡಾಕ್ಟರಿಗೆ ಆ ಅನುಮಾನ ಬರಬೇಕು. ಬರಬೇಕಾದರೆ ರೋಗಿಯ ಕಡೆಯವರು ಇಲಿ ಸತ್ತದ್ದನ್ನು, ಕಾಲಿಗೆ ಕಚ್ಚಿದ್ದನ್ನು ಹೇಳಬೇಕು.

ಚಿಗಟದ ಇನ್ನೊಂದು ರೋಗದ ಹೆಸರು ನಿಮಗೆಲ್ಲ ಗೊತ್ತು, ಪ್ಲೇಗ್. ಈಗ ಮುಂಬೈಯಲ್ಲಿ ಪ್ಲೇಗ್ ಇದೆ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಹೆದರಿಸುವುದು ನನಗೆ ಬೇಡ. ಆದರೆ ಇಲಿ ಮತ್ತು ಚಿಗಟದ ವಿಷಯದಲ್ಲಿ ಈ ನಗರಕ್ಕಿಂತ ಜಾಸ್ತಿ ಪಾಠ ಕಲಿತ ಊರು ಭಾರತದಲ್ಲಿ ಇಲ್ಲ. ಆ ಪಾಠ ನಮ್ಮ ಸೊಸೈಟಿ ಆಫೀಸಿನವರೆಗೆ ಬಂದಿಲ್ಲ ಎಂಬುದು ನನ್ನ ಸಂಕಟ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವೀಗಸ್ ಇದು ಪ್ಲೇಗ್ ಎಂದು ಗುರುತಿಸಿದರು. ಆಗ ಅದು ಹರಡುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೊಳೆಯಿಂದ, ಕೆಟ್ಟ ಗಾಳಿಯಿಂದ ಬರುತ್ತದೆ ಎಂದುಕೊಂಡು ಮೋರಿಗಳಿಗೆ ಸಮುದ್ರದ ನೀರು, ಕಾರ್ಬಾಲಿಕ್ ಆಸಿಡ್ ಸುರಿದರು. ಮೋರಿಯಲ್ಲಿದ್ದ ಇಲಿಗಳು ಎದ್ದು ಮನೆಗಳತ್ತ ಓಡುವುದಕ್ಕೆ ಅದೇ ದಾರಿಯಾಯಿತು. 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ, ಸತ್ತ ಇಲಿಯಿಂದ ಹೊಸ ಇಲಿಗೆ ರೋಗ ದಾಟಿಸುವುದು ಚಿಗಟ ಎಂದು ತೋರಿಸಿದರು. ಬಹಳ ವರ್ಷ ಅವರ ಮಾತನ್ನು ಹೆಚ್ಚಿನವರು ನಂಬಲಿಲ್ಲ. 1905ರಲ್ಲಿ ಶುರುವಾದ ಪ್ಲೇಗ್ ಆಯೋಗದ ತಂಡ ಇದೇ ಬೊಂಬಾಯಿಯಲ್ಲಿ ಅದನ್ನು ಗಟ್ಟಿ ಮಾಡಿತು. ಪ್ಲೇಗ್ ತಗುಲಿದ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಬಿಟ್ಟು ನೋಡಿದರು. ನೆಲದ ಮೇಲಿದ್ದವಕ್ಕೆ ರೋಗ ಬಂತು. ಚಿಗಟ ಹಾರಿ ತಲುಪದಷ್ಟು ಎತ್ತರಕ್ಕೆ ತೂಗುಹಾಕಿದ ಪಂಜರದಲ್ಲಿದ್ದವು ಉಳಿದವು. ನೂರು ವರ್ಷಕ್ಕೂ ಹಿಂದೆ ಆ ತಂಡದವರು ಗಿನಿಪಿಗ್‌ಗೆ ಕೊಟ್ಟ ಆ ಎತ್ತರವನ್ನು ನಮ್ಮ ವಾಚ್‌ಮನ್‌ಗೆ ನಾವು ಕೊಟ್ಟಿಲ್ಲ. ಒಂದು ಕಬ್ಬಿಣದ ಮಂಚಕ್ಕೆ ಎಷ್ಟಾಗುತ್ತದೆ, ಹೇಳಿ?

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಿರಿಯರು ಇಲಿ ಸತ್ತು ಬಿತ್ತು ಅಂದರೆ ಊರು ಬಿಡುತ್ತಿದ್ದರು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಇಲಿ ಬೀಳುವುದೇ ಮೊದಲ ಸುದ್ದಿ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. 1994ರಲ್ಲೂ ಹಾಗೆಯೇ ಆಯಿತು. ಆ ವರ್ಷದ ಪ್ಲೇಗ್ ಅಂದರೆ ಸೂರತ್ ಹೆಸರು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಇದೇ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಇಲಿಗಳು ಸತ್ತು ಬಿದ್ದವು, ಮನೆಮನೆಯಲ್ಲಿ ಚಿಗಟದ ಕಾಟ ಎದ್ದಿತು, ಆಮೇಲೆ ಗಡ್ಡೆಯ ಜ್ವರ ಬಂತು. ಹಿಂದಿನ ವರ್ಷ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ಉಳಿದರು, ಮನೆಯಲ್ಲಿ ತುಂಬಿಟ್ಟ ಧಾನ್ಯ ಇಲಿಗಳ ಪಾಲಾಗಿ ಅವು ಹೆಚ್ಚಿದವು ಎಂದು ಆಗ ವಿವರಿಸಿದ್ದರು.

ಪ್ಲೇಗ್ ಬ್ಯಾಕ್ಟೀರಿಯಾ ಮೂಲದಲ್ಲಿ ಕಾಡಿನ, ಬಯಲಿನ ಸಣ್ಣ ಪ್ರಾಣಿಗಳದ್ದು. ನಮ್ಮ ದೇಶದಲ್ಲಿ ಬಯಲಿನ ಜರ್ಬಿಲ್ ಇಲಿ ಅದನ್ನು ಮೈಯಲ್ಲಿಟ್ಟುಕೊಂಡೂ ಸಾಯದೆ ಉಳಿಯಬಲ್ಲದು. ಅದರ ಚಿಗಟ ಊರಿನ ಇಲಿಗೆ ದಾಟಿದಾಗ ತೊಂದರೆ ಶುರುವಾಗುತ್ತದೆ. ಕೋಲಾರ ಕಡೆಯ ಗಡಿಭಾಗದಲ್ಲಿ ಸರ್ಕಾರದ ತಂಡಗಳು ಇಲಿ ಹಿಡಿದು ಚಿಗಟ ಎಣಿಸುವ ಕೆಲಸ ಮಾಡಿಕೊಂಡು ಬಂದಿರುವುದು ಇದೇ ಕಾರಣಕ್ಕೆ. 2002ರಲ್ಲಿ ಹಿಮಾಚಲದ ಶಿಮ್ಲಾ ಜಿಲ್ಲೆಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಮೊದಲ ರೋಗಿ ಬೇಟೆಗೆ ಹೋಗಿ ಕಾಡುಬೆಕ್ಕಿನ ಚರ್ಮ ಸುಲಿದವನು. ಒಟ್ಟು 16 ಜನರಿಗೆ ತಗುಲಿ 4 ಜನ ಸತ್ತರು. ಹಾಗಾಗಿ ಕಾಡು ಪ್ರಾಣಿಯನ್ನು ಕೊಲ್ಲುವುದು, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟುವುದು, ಇವೆರಡೂ ಮಾಡಬಾರದ ಕೆಲಸ.

ಈಗ ಕಾಡಿನ ಅಂಚಿನ ನಮ್ಮಂಥ ಸೊಸೈಟಿಗಳಲ್ಲಿ ನಡೆಯುವ ಇನ್ನೊಂದು ಅನ್ಯಾಯ ಹೇಳಬೇಕು. ಪಕ್ಕದ ಬಿಲ್ಡಿಂಗಿನಲ್ಲಿ ಬಹಳ ಕಾಲದಿಂದ ಬೀಗ ಹಾಕಿದ್ದ ಒಂದು ಫ್ಲ್ಯಾಟು. ಅದರ ಫಾಲ್ಸ್ ಸೀಲಿಂಗ್ ಒಳಗೆ ಪುನುಗಿನ ಬೆಕ್ಕು ಮರಿ ಹಾಕಿತ್ತು. ಕಮಿಟಿಯವರು ಹೊಗೆ ಹಾಕಿ ತಾಯಿಯನ್ನು ಓಡಿಸಿ, ಕಿಂಡಿ ಮುಚ್ಚಿಸಿದರು. ಮರಿಗಳು ಏನಾದವು ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಮುಂದೆ ಬಾಡಿಗೆಗೆ ಬಂದ ಕುಟುಂಬ ಒಳಗೆ ಕಾಲಿಟ್ಟ ದಿನವೇ ಮಕ್ಕಳ ಕಾಲಿಗೆಲ್ಲ ಚಿಗಟ ಮುತ್ತಿತು. "ಖಾಲಿ ಮನೆಯಲ್ಲಿ ಚಿಗಟ ಎಲ್ಲಿಂದ ಬಂತು?" ಎಂದು ಅವರಿಗೆ ಆಶ್ಚರ್ಯ. ಕೊನೆಗೆ ಹಳೆಯ ಬಾಡಿಗೆದಾರರ ನಾಯಿಯ ಮೇಲೆ ತಪ್ಪು ಹೊರಿಸಿದರು.

ಚಿಗಟದ ಬದುಕು ಗೊತ್ತಿದ್ದರೆ ಇದರಲ್ಲಿ ಆಶ್ಚರ್ಯವಿಲ್ಲ. ಪ್ರಾಣಿಯ ಮೈಮೇಲೆ ಕಾಣುವುದು ಬೆಳೆದ ಚಿಗಟ ಮಾತ್ರ. ಮೊಟ್ಟೆ ಮೈಮೇಲೆ ನಿಲ್ಲುವುದಿಲ್ಲ, ಉದುರಿ ಗೂಡಿನಲ್ಲಿ ಬೀಳುತ್ತದೆ. ಮರಿಹುಳು ಗೂಡಿನ ಧೂಳಿನಲ್ಲೇ ಬೆಳೆಯುತ್ತದೆ. ಅದರ ಊಟ, ದೊಡ್ಡ ಚಿಗಟಗಳು ಹಾಕಿದ ಒಣರಕ್ತದ ಹಿಕ್ಕೆ. ಆಮೇಲೆ ನೂಲು ಸುತ್ತಿಕೊಂಡು, ಮೇಲೆ ಧೂಳು ಮೆತ್ತಿಕೊಂಡು ಕೋಶದೊಳಗೆ ಕೂರುತ್ತದೆ. ಹೊರಗೆ ಯಾರೂ ಇಲ್ಲದಿದ್ದರೆ ತಿಂಗಳುಗಟ್ಟಲೆ ಹಾಗೆಯೇ ಇರಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದ ತಕ್ಷಣ ಹೊರಬರುತ್ತದೆ. ಆ ಫ್ಲ್ಯಾಟಿನಲ್ಲಿ ಆಗಿದ್ದು ಅದೇ. ತಾಯಿ ಬೆಕ್ಕನ್ನು ಓಡಿಸಿದ್ದರಿಂದ ಚಿಗಟ ಹೋಗಲಿಲ್ಲ, ಕಚ್ಚಲು ಇದ್ದ ಒಂದು ಮೈ ಹೋಯಿತು ಅಷ್ಟೇ. ಮರಿಗಳು ದೊಡ್ಡವಾಗಿ ಹೋಗುವವರೆಗೆ ಸ್ವಲ್ಪ ಕಾದು, ಆಮೇಲೆ ಆ ಗೂಡಿನ ಕಸವನ್ನೆಲ್ಲ ತೆಗೆದು, ಔಷಧಿ ಹೊಡೆದು, ಕೊನೆಗೆ ಕಿಂಡಿ ಮುಚ್ಚಬೇಕಿತ್ತು.

ಪುನುಗಿನ ಬೆಕ್ಕನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಕೂಡ. ಇದನ್ನು ಕಮಿಟಿಯವರಿಗೆ ಹೇಳಿದರೆ "ನಮ್ಮ ಬಿಲ್ಡಿಂಗ್, ನಮ್ಮ ಇಷ್ಟ" ಎಂಬ ಉತ್ತರ ಬಂತು. ಇಂಥ ಪ್ರಾಣಿ ಮನೆಯೊಳಗೆ ಬಂದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡಬಹುದು. ದಯವಿಟ್ಟು ಆ ನಂಬರನ್ನು ನಿಮ್ಮ ನೋಟಿಸ್ ಬೋರ್ಡಿಗೆ ಹಾಕಿ. ಇನ್ನೊಂದು ಮಾತು. ಇಲಿಯನ್ನು ತಿನ್ನುವವರು ಯಾರು? ಪುನುಗಿನ ಬೆಕ್ಕು, ಮುಂಗುಸಿ, ಗೂಬೆ, ಕೇರೆ ಹಾವು. ವಿಷ ತಿಂದು ಅರೆಜೀವವಾದ ಇಲಿಯನ್ನು ತಿಂದರೆ ಇವೂ ಸಾಯಬಹುದು. ಆಮೇಲೆ ಮುಂದಿನ ವರ್ಷದ ಇಲಿಗೆ ಯಾರ ಹೆದರಿಕೆಯೂ ಇರುವುದಿಲ್ಲ.

ಕೆಲವರು ಮಂಗಗಳನ್ನು ಬೈಯುತ್ತಾರೆ, ಚಿಗಟ ತರುತ್ತವೆ ಅಂತ. ಮಂಗಗಳಿಗೆ ಒಂದೇ ಕಡೆ ಗೂಡು ಇಲ್ಲ. ಗೂಡಿಲ್ಲದ ಕಡೆ ಚಿಗಟದ ಮರಿ ಬೆಳೆಯುವುದು ಕಷ್ಟ. ಹಾಗಾಗಿ ಮಂಗನ ಮೈಯಲ್ಲಿ ಚಿಗಟ ಅಪರೂಪ. ಒಂದನ್ನೊಂದು ಕೂತು ಹೆಕ್ಕುವಾಗ ಅವು ತೆಗೆಯುವುದು ಹೇನು, ಉಣ್ಣೆ, ಒಣಚರ್ಮದ ಹೊಟ್ಟು ಇಂಥವನ್ನು. ಊರಿನಲ್ಲಿ ನಮಗೆ ಗೊತ್ತಿರುವ ಮಂಗನ ಕಾಯಿಲೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ್ದು, ಹರಡುವುದು ಉಣ್ಣೆಯಿಂದ, ಚಿಗಟದಿಂದ ಅಲ್ಲ. ಚಿಗಟ ಹುಡುಕಬೇಕಾದರೆ ಬಿಲ, ಪೊಟರೆ, ಗೂಡು ಇರುವವರ ಹತ್ತಿರ ಹುಡುಕಬೇಕು: ಹೆಗ್ಗಣ, ಇಲಿ, ಸೊಂಡಿಲಿ, ಪುನುಗಿನ ಬೆಕ್ಕು, ನಮ್ಮ ಬೀದಿ ನಾಯಿ, ಬೀದಿ ಬೆಕ್ಕು. ಕಾಡು ಮತ್ತು ಕಾರ್ ಪಾರ್ಕಿಂಗ್ ನಡುವೆ ಓಡಾಡುವ ನಾಯಿ, ಬೆಕ್ಕುಗಳೇ ಒಂದು ಕಡೆಯ ಚಿಗಟವನ್ನು ಇನ್ನೊಂದು ಕಡೆಗೆ ತರುವುದು ಜಾಸ್ತಿ. ಇವನ್ನು ಅನ್ನ ಹಾಕಿ ಸಾಕುವವರು ನಮ್ಮ ಸೊಸೈಟಿಗಳಲ್ಲೇ ಇದ್ದಾರೆ. ಅವರ ಜೊತೆ ಜಗಳ ಆಡಬೇಡಿ, ಅವರ ಸಹಾಯ ತಗೊಳ್ಳಿ. ಪ್ರಾಣಿಯನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಲಿ. ಕೆಂಪಗೆ ಕದಡಿದರೆ ಅದು ಚಿಗಟದ ಹಿಕ್ಕೆ. ಔಷಧಿಯನ್ನು ಪಶುವೈದ್ಯರ ಹತ್ತಿರ ಕೇಳಿಯೇ ಹಾಕಲಿ, ಏಕೆಂದರೆ ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಮಾನ್ಯರೇ, ನನ್ನ ಮುಖ್ಯ ಬೇಡಿಕೆ ಕೆಲಸದ ಸರದಿಯ ಬಗ್ಗೆ. ಮೊದಲು ಚಿಗಟ, ಆಮೇಲೆ ಇಲಿ. ಬಿಲದ ಬಾಯಿಗೆ, ಒಳಗೆ, ಇಲಿ ಓಡಾಡುವ ದಾರಿಗೆ ಕೀಟನಾಶಕದ ಪುಡಿ ಊದಿಸಬೇಕು. ಇಲಿ ಆ ಪುಡಿಯ ಮೇಲೆ ನಡೆದು ತನ್ನ ಮೈಗೂ ಗೂಡಿಗೂ ತಾನೇ ಹಚ್ಚಿಕೊಳ್ಳುತ್ತದೆ. ಕೆಲವು ದಿನ ಬಿಟ್ಟು, ಚಿಗಟ ಕಡಿಮೆಯಾಗಿದೆ ಎಂದು ನೋಡಿದ ಮೇಲೆಯೇ ಇಲಿಗೆ ವಿಷ. ಪ್ಲೇಗ್ ಬಂದ ಕಡೆ ಆರೋಗ್ಯ ಇಲಾಖೆಗಳು ಅನುಸರಿಸುವ ಕ್ರಮ ಇದೇ. ಪೆಸ್ಟ್ ಕಂಟ್ರೋಲಿನವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಎರಡು ಸಲ ಬಂದರೆ ರೇಟು ಹೆಚ್ಚಾಗುತ್ತದೆ, ಕಮಿಟಿ ಒಪ್ಪುವುದಿಲ್ಲ, ಅದಕ್ಕೆ ಒಂದೇ ಸಲ ಮುಗಿಸುತ್ತಾರೆ. ಇದನ್ನು ನಮ್ಮ ಕಡೆ ಬಂದ ಹುಡುಗನೇ ನನಗೆ ಹೇಳಿದ. ಹಾಗಾಗಿ ಕೊಟೇಶನ್ ಕೇಳುವಾಗಲೇ ಈ ಎರಡು ಹಂತವನ್ನು ಬರೆಸಿಕೊಳ್ಳಿ. ಯಾವ ಔಷಧಿ, ಎಷ್ಟು, ಯಾವ ದಿನ ಎಂದು ಕಾಗದದಲ್ಲಿ ಇರಲಿ. ಸತ್ತ ಇಲಿಗಳನ್ನು ಎತ್ತುವುದು ಅವರದೇ ಕೆಲಸ ಎಂದೂ ಇರಲಿ. ಗುಡಿಸುವವರ ಮೇಲೆ ಹಾಕಬೇಡಿ. ಅವರು ಎತ್ತಲೇಬೇಕಾಗಿ ಬಂದರೆ ಕೈಗವಸು, ಗಮ್‌ಬೂಟು, ಉದ್ದ ಹಿಡಿಕೆಯ ಚಿಮಟ ಕೊಡಿ. ಎತ್ತುವ ಮೊದಲು ಸತ್ತ ಇಲಿಯ ಮೇಲೂ ಸುತ್ತಲೂ ಕೀಟನಾಶಕ ಹೊಡೆಯಲಿ.

ಹಸಿ ಕಸದ ಡಬ್ಬಿ ರಾತ್ರಿಯಿಡೀ ಬಾಯಿ ತೆರೆದುಕೊಂಡು ಇದ್ದರೆ ಇದೆಲ್ಲ ಮಾಡಿಯೂ ಉಪಯೋಗವಿಲ್ಲ. ಕಸ ಇರುವವರೆಗೆ ಹೆಗ್ಗಣ ಬರುತ್ತಲೇ ಇರುತ್ತದೆ. ನಮ್ಮವರಲ್ಲಿ ಹೋಟೆಲು ನಡೆಸುವವರು ಬಹಳ ಜನ. ಹಿತ್ತಲ ಮೋರಿಯ ಜಾಳಿಗೆ, ಉಗ್ರಾಣದ ಬಾಗಿಲಿನ ಕೆಳಗಿನ ಸಂದಿ, ಇವನ್ನು ಅವರು ಒಮ್ಮೆ ಬಗ್ಗಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ವಿಷ ಇಡದೆಯೇ ಇಲಿಗಳು ಒಂದರ ಹಿಂದೆ ಒಂದು ಸತ್ತು ಬಿದ್ದರೆ ಮುಚ್ಚಿಡಬೇಡಿ. ಬಿಲ್ಡಿಂಗಿನ ಹೆಸರು ಕೆಡುತ್ತದೆ, ಫ್ಲ್ಯಾಟಿನ ರೇಟು ಬೀಳುತ್ತದೆ ಅಂತ ಯೋಚಿಸುವ ಹೊತ್ತು ಅದಲ್ಲ. ಅದೇ ದಿನ ವಾರ್ಡ್ ಆಫೀಸಿನ ಆರೋಗ್ಯ ವಿಭಾಗಕ್ಕೆ ತಿಳಿಸಿ, ಬರವಣಿಗೆಯಲ್ಲಿ ಕೊಡಿ. ಅಂಥ ಸಮಯದಲ್ಲಿ ಯಾರಿಗಾದರೂ ಜೋರು ಜ್ವರ ಬಂದು ತೊಡೆಸಂದಿಯಲ್ಲೋ ಕಂಕುಳಲ್ಲೋ ನೋವಿನ ಗಡ್ಡೆ ಎದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆ ಗಂಟೆಯೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಆಂಟಿಬಯಾಟಿಕ್ ಸಿಕ್ಕರೆ ಪ್ಲೇಗ್ ಕೂಡ ವಾಸಿಯಾಗುತ್ತದೆ. ತಡವಾದರೆ ಜೀವಕ್ಕೆ ಅಪಾಯ.

ನಮ್ಮ ಸೊಸೈಟಿಯ ವಾಚ್‌ಮನ್‌ಗೆ ಈಗಲೂ ಮಂಚ ಬಂದಿಲ್ಲ. ಈ ಪತ್ರ ಓದಿ ನಮ್ಮ ಕಮಿಟಿಯವರಿಗೆ ಸಿಟ್ಟು ಬರಬಹುದು. ಬರಲಿ, ಆದರೆ ನಾನು ಮರಾಠಿಯಲ್ಲಿ ಬರೆದುಕೊಟ್ಟ ಆ ಅರ್ಜಿಯನ್ನು ಮುಂದಿನ ಮೀಟಿಂಗಿನ ಅಜೆಂಡಾಕ್ಕೆ ಹಾಕಲಿ. ಉಳಿದ ಸೊಸೈಟಿಯವರು ಯಾರು ಕರೆದರೂ ನಾನು ಬರುತ್ತೇನೆ. ಬಿಳಿ ಕಾಲುಚೀಲ, ಭೂತಗನ್ನಡಿ ನಾನೇ ತರುತ್ತೇನೆ. ನಿಮ್ಮ ಕ್ಯಾಬಿನ್, ಮೀಟರ್ ರೂಮು, ಜಿನೆಯ ಕೆಳಗಿನ ಜಾಗ ಇವಿಷ್ಟನ್ನು ಒಟ್ಟಿಗೆ ನೋಡೋಣ. ವಿಷದ ಆರ್ಡರು ಕೊಡುವ ಮೊದಲೇ ಕರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಮುಲುಂಡ್ ಪಶ್ಚಿಮದ ಒಬ್ಬ ನಿವಾಸಿ